ನನ್ನ ಗದ್ದ ಮತ್ತು ವಿಜ್ಞಾನದ ಮೇಡಂ

ಮೈಕು ಕೈಕೊಡಬಹುದಿತ್ತು. ಕರೆಂಟು ಹೋಗಬಹುದಿತ್ತು, ಮಾರ್ಚ್ ತಿಂಗಳಲ್ಲಿ ಅದು ಹೋಗದಿದ್ದರೇ ನಮ್ಮ ಕಡೆಯ ಜನ ಗಾಬರಿಯಾಗುತ್ತಾರೆ. ರಾಯಚೂರಿನಿಂದ ತಂದ ಹೂವಿನ ಹಾರ ಬಸ್ಸಿನಲ್ಲೇ ಬಾಡಿ, ಸನ್ಮಾನಿತರ ಕೊರಳಿಗೆ ಕೊತ್ತಂಬರಿ ಕಟ್ಟಿನ ಹಾಗೆ ಜೋತು ಬೀಳಬಹುದಿತ್ತು. ಮುಖ್ಯೋಪಾಧ್ಯಾಯರು ಹಿಂದಿನ ವರ್ಷ ಗಣಿತದ ಸರ್‌ಗೆ ಓದಿದ ಭಾಷಣವನ್ನೇ ಜೇಬಿನಿಂದ ತೆಗೆದು, ವಿಜ್ಞಾನದ ಮೇಡಂ ಅವರನ್ನು "ಲೆಕ್ಕದಲ್ಲಿ ಎತ್ತಿದ ಕೈ" ಎಂದು ಹೊಗಳಬಹುದಿತ್ತು. ಶಾಮಿಯಾನ ಗಾಳಿಗೆ ಹಾರಬಹುದಿತ್ತು. ಮಿರ್ಚಿ ಭಜಿಯ ಖಾರಕ್ಕೆ ಮುಖ್ಯ ಅತಿಥಿಗಳಿಗೆ ಬಿಕ್ಕಳಿಕೆ ಹತ್ತಬಹುದಿತ್ತು. ನಾನು ಅಳಬಹುದಿತ್ತು. ಅತ್ತರೆ, ಮುಖಕ್ಕೆ ಬಳಿದುಕೊಂಡ ಸನ್‌ಸ್ಕ್ರೀನ್ ಕರಗಿ ಬೆಳ್ಳಗಿನ ಎರಡು ಕಾಲುವೆಗಳಾಗಿ ಗದ್ದದವರೆಗೆ ಹರಿಯಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅವತ್ತೇ ಬೆಳಿಗ್ಗೆ ನನ್ನ ಮೂಗಿನ ತುದಿಗೆ ಹೊಸದೊಂದು ಮೊಡವೆ, ಕೆಂಪು ದೀಪ ಹಚ್ಚಿದ ಜೀಪಿನ ಹಾಗೆ ಬಂದು ನಿಲ್ಲಬಹುದಿತ್ತು.

ಇವೆಲ್ಲವನ್ನೂ ನಾನು ಮುಂಚೆಯೇ, ಒಂದಕ್ಕೂ ಅನ್ಯಾಯವಾಗದಂತೆ, ಚಿಂತಿಸಿ ಮುಗಿಸಿದ್ದೆ. ನೌಕರಿಯಲ್ಲಿ ನನಗಿಂತ ಹಿರಿಯರಿದ್ದಾರೆ. ಚಿಂತೆಯಲ್ಲಿ ಇಡೀ ಮಾನ್ವಿ ತಾಲೂಕಿಗೆ ನಾನೇ ಹಿರಿಯಳು. ಇವುಗಳಲ್ಲಿ, ಅಳುವೊಂದನ್ನು ಬಿಟ್ಟರೆ, ಯಾವುದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು, ತೀರ ಸಣ್ಣದು. ಅದನ್ನು ಚಿಂತಿಸುವುದು ಮಾತ್ರ ನನಗೆ ಹೊಳೆದಿರಲಿಲ್ಲ.

ಅವತ್ತು ನಿವೃತ್ತರಾದವರು ಕಲ್ಲೂರಿನ ಆಚೆಗಿರುವ ನಮ್ಮ ಪ್ರೌಢಶಾಲೆಯ ವಿಜ್ಞಾನದ ಮೇಡಂ. ಹೆಸರು ಬರೆಯುವುದಿಲ್ಲ. ಬರೆದರೆ, "ನನ್ನ ಹೆಸರು ಹಾಕೋಕಿಂತ ಮೊದಲ ನನ್ನ ಕೇಳಿದ್ರೇನು?" ಎಂಬ ದನಿ ಫೋನಿನಲ್ಲಿ ಬರುತ್ತದೆ, ಆ ದನಿಗೆ ಫೋನು ಬೇಕಾಗಿಯೂ ಇಲ್ಲ. ನಾನು ಅದೇ ಶಾಲೆಯ ಕನ್ನಡದ ಮೇಡಂ. ಇಬ್ಬರ ಮನೆಯೂ ರಾಯಚೂರಿನಲ್ಲಿ. ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋಗಿ ಬಂದಿದ್ದೇವೆ. ಕಿಟಕಿ ಅವರದು. ಕಿಟಕಿಯ ಆಚೆ ಏನಾಗಬಹುದು ಎಂಬ ಚಿಂತೆ ನನ್ನದು.

ಗಟ್ಟಿಮುಟ್ಟಾದ, ಎಣ್ಣೆಗಪ್ಪು ಬಣ್ಣದ ಹೆಂಗಸು. ಕೈಯಲ್ಲಿ ಎಂದೂ ಬಿಚ್ಚದ ಒಂದು ಕೊಡೆ. ಅದು ಬಸ್ಸಿಗೆ ಕೈ ಮಾಡಲು. ಬಲಗಲ್ಲದ ಮೇಲೆ, ಕಿವಿಯ ಹತ್ತಿರದಿಂದ ಬಾಯಿಯ ಅಂಚಿನವರೆಗೆ, ಮಡಚಿ ಬಿಚ್ಚಿದ ಕಾಗದದಂಥ ಒಂದು ಕಲೆ. ಅವರ ತಾಯಿ ಚಂದ್ರಬಂಡದಿಂದ ರಾಯಚೂರಿಗೆ ಬಂದು, ಮನೆ ಕಟ್ಟುವ ಕಡೆ ಬುಟ್ಟಿ ಹೊತ್ತವರು. ತಾಯಿ ಬುಟ್ಟಿ ಹೊರುವಾಗ ಮಗಳು ಸುಣ್ಣದ ಗುಂಡಿಯ ಪಕ್ಕ ಆಡುತ್ತಿದ್ದಳು. ಸುಟ್ಟ ಸುಣ್ಣಕ್ಕೆ ಯಾರೋ ನೀರು ಸುರಿದರು. ಅದು ಕುದ್ದು ಸಿಡಿಯಿತು.

ಈ ಕಥೆ ನಮ್ಮ ಶಾಲೆಯ ಪ್ರತಿ ಮಗುವಿಗೂ ಬಾಯಿಪಾಠ. ಏಕೆಂದರೆ ಹತ್ತನೆಯ ತರಗತಿಗೆ ರಾಸಾಯನಿಕ ಕ್ರಿಯೆಗಳ ಪಾಠ ಬಂದಾಗ ಮೇಡಂ ಬೋರ್ಡಿನ ಮೇಲೆ ಏನೂ ಬರೆಯುತ್ತಿರಲಿಲ್ಲ. ಬಲಗಲ್ಲವನ್ನು ಮಕ್ಕಳ ಕಡೆ ತಿರುಗಿಸಿ ನಿಲ್ಲುತ್ತಿದ್ದರು.

"ಸುಟ್ಟ ಸುಣ್ಣಕ್ಕ ನೀರು ಹಾಕಿದ್ರ ಏನು ಬರ್ತದ?"

"ಶಾಖಾ ರೀ!"

"ಎಷ್ಟು ಶಾಖ?"

"ನಿಮ್ಮ ಗಲ್ಲದಷ್ಟು ರೀ!"

"ಶಾಬ್ಬಾಸ್. ಅದಕ್ಕ ಏನಂತಾರ?"

"ಬಹಿರುಷ್ಣಕ ಕ್ರಿಯೆ!" ಎಂದು ತರಗತಿ ಕೂಗಿದರೆ ಪಕ್ಕದ ಕೋಣೆಯಲ್ಲಿ ನನ್ನ ಹಳಗನ್ನಡ ಬೆಚ್ಚಿಬೀಳುತ್ತಿತ್ತು. ಆ ಪ್ರಶ್ನೆಗೆ ನಮ್ಮ ಮಕ್ಕಳು ಪರೀಕ್ಷೆಯಲ್ಲಿ ತಪ್ಪಿದ್ದನ್ನು ನಾನು ಕೇಳಿಲ್ಲ.

ಅವರಿಗೆ ಆಗದ ವಿಷಯ ಎರಡು. ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವುದು ಒಂದು, ಎತ್ತಿದವರಿಗೆ "ಕೈ ಕೆಳಗ!" ಎಂಬ ಗುಡುಗು. ಇನ್ನೊಂದು, ಪ್ರಯೋಗ ಮಾಡುವ ಮೊದಲೇ ನಿರ್ಣಯ ಬರೆಯುವುದು. ಹಿಂದಿನ ವರ್ಷದ ಅಣ್ಣನದೋ ಅಕ್ಕನದೋ ಪ್ರಯೋಗದ ಪುಸ್ತಕ ನೋಡಿ ಮಕ್ಕಳು ಮೊದಲು ನಿರ್ಣಯ ಬರೆದು, ಆಮೇಲೆ ಬುನ್ಸೆನ್ ದೀಪ ಹಚ್ಚುವುದು ನಮ್ಮಲ್ಲಿ ರೂಢಿ. "ನಿರ್ಣಯ ಕೊನಿಗೆ" ಎಂದು ಅವರು ಪ್ರಯೋಗಾಲಯದ ಗೋಡೆಗೆ ಬಣ್ಣದಲ್ಲಿ ಬರೆಸಿದ್ದರು. ಕೊನೆಗೆ ಎಂದು ಬರೆಯಬೇಕಲ್ಲವೇ ಎಂದು ನಾನು ಕೇಳಿದ್ದಕ್ಕೆ, "ನಮ್ಮ ಹುಡುಗರಿಗೆ ತಿಳೀಬೇಕಲ್ರೀ, ನಿಮಗಲ್ಲ" ಎಂದಿದ್ದರು.

ಇಂಥವರ ಪಕ್ಕದ ಸೀಟಿನಲ್ಲಿ ನಾನು. ಹುಟ್ಟಿದ್ದೇ ನಿರ್ಣಯ ಬರೆದುಕೊಂಡು.

ಇನ್ನು ನನ್ನ ಮುಖದ ವಿಷಯ. ನಲವತ್ತು ದಾಟಿ, ಸುಕ್ಕು ಬರಬಹುದೆಂದು ನಾನು ವಿಧಿವತ್ತಾಗಿ ಚಿಂತಿಸುತ್ತಿದ್ದ ಕಾಲದಲ್ಲಿ ಮೊಡವೆ ಬಂದವು. ಹುಡುಗಿಯಾಗಿದ್ದಾಗ ಬಾರದವು, ದಾರಿ ತಪ್ಪಿ ತಡವಾಗಿ ಬಂದ ಬೀಗರ ಹಾಗೆ ಗದ್ದದ ಮೇಲೆ ಬೀಡುಬಿಟ್ಟವು. ಮುಟ್ಟಿದರೆ ನೋವು, ಮುಟ್ಟದಿದ್ದರೆ ಮುಟ್ಟಬೇಕೆಂಬ ಆಸೆ. ಪಿಯುಸಿ ಓದುವ ಮಗಳ ಮುಖ ಬೆಣ್ಣೆ. "ಮಮ್ಮಿ, ನನ್ನ ವಯಸ್ಸಿನ ಮೊಡವಿ ನೀ ಯಾಕ ತಗೊಂಡಿ?" ಎಂದಳು. ತಾಯ್ತನದಲ್ಲಿ ಇದೂ ಒಂದು ತ್ಯಾಗವೆಂದು ಯಾವ ಪಠ್ಯದಲ್ಲೂ ಇಲ್ಲ.

ಅತ್ತೆಯವರು ಗಂಧ ತೇದು ಹಚ್ಚಿದರು. ನಾನು ಅರಿಶಿನ ಹಚ್ಚಿದೆ, ನಿಂಬೆರಸ ಹಚ್ಚಿದೆ, ಯಾರೋ ಹೇಳಿದರೆಂದು ಹಲ್ಲುಜ್ಜುವ ಪೇಸ್ಟನ್ನೂ ಹಚ್ಚಿದೆ. ಶ್ರಾವಣದಲ್ಲಿ ದೇವದುರ್ಗಕ್ಕೆ ಒಂದು ಪೂಜೆಗೆ ಹೋದಾಗ ಚಿಕ್ಕಮ್ಮನ ಮಗಳು ಒಂದು ಟ್ಯೂಬು ಕೊಟ್ಟಳು. "ಡಾಕ್ಟರ್ ಗೀಕ್ಟರ್ ಏನೂ ಬ್ಯಾಡ, ಅಕ್ಕಾ. ಮೆಡಿಕಲ್‌ನಾಗ ಕೇಳಿದ್ರ ಕೊಡ್ತಾರ. ನಾಲ್ಕು ದಿನದಾಗ ಮಾರಿ ಟ್ಯೂಬ್‌ಲೈಟ್!" ನಿಜವಾಗಿಯೂ ಮುಖ ಟ್ಯೂಬ್‌ಲೈಟೇ ಆಯಿತು. ಆಮೇಲೆ ಒಂದು ದಿನ ಹಚ್ಚದಿದ್ದರೆ ಉರಿ, ಕೆಂಪು, ಮೊದಲಿಗಿಂತ ದುಪ್ಪಟ್ಟು ಗುಳ್ಳೆ.

ನಾನು ಮುಖ ಮುಚ್ಚಿದೆ. ರಾಯಚೂರಿನ ಬಿಸಿಲಿನಲ್ಲಿ ಸ್ಕೂಟಿ ಮೇಲಿನ ಹೆಂಗಸರೆಲ್ಲ ಓಢಣಿಯಲ್ಲಿ ಮುಖ ಸುತ್ತಿಕೊಳ್ಳುವುದರಿಂದ ರಸ್ತೆಯಲ್ಲಿ ಯಾರೂ ಕೇಳಲಿಲ್ಲ. ಬಸ್ಸಿನಲ್ಲೂ ತೆಗೆಯಲಿಲ್ಲ, ಧೂಳು ಎಂದೆ. ತರಗತಿಯಲ್ಲೂ ತೆಗೆಯಲಿಲ್ಲ, ಸೀಮೆಸುಣ್ಣ ಆಗಿಬರುವುದಿಲ್ಲ ಎಂದೆ. ಊಟದ ಹೊತ್ತಿನಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ಆದರೆ ನಿಜವಾಗಿ ಹೋದದ್ದು ಮೈಕು. ನಮ್ಮ ಶಾಲೆಯ ಯಾವ ಕಾರ್ಯಕ್ರಮವಾದರೂ ನಿರೂಪಣೆ ನನ್ನದೇ ಇತ್ತು. ಈ ಹೆದರುಪುಕ್ಕಲ ಜೀವಕ್ಕೆ ಮೈಕಿನ ಮುಂದೆ ಮಾತ್ರ ಹೆದರಿಕೆಯಿರಲಿಲ್ಲ. ರಾಜ್ಯೋತ್ಸವಕ್ಕೆ ಗಂಟಲು ನೋವೆಂದು ಹೇಳಿ ಅದನ್ನೂ ದೈಹಿಕ ಶಿಕ್ಷಣದ ಸರ್‌ಗೆ ಬಿಟ್ಟುಕೊಟ್ಟೆ. ಅವರು ಸ್ವಾಗತ ಗೀತೆಗೂ "ಸಾವಧಾನ್" ಎಂದೇ ಶುರು ಮಾಡಿದರು.

ಮರುದಿನ ಬಸ್ಸಿನಲ್ಲಿ ಮೇಡಂ ಕೇಳಿದರು: "ಧೂಳು ಸ್ಟಾಫ್‌ರೂಮಿನಾಗೂ ಅದ ಏನ್ರೀ?"

ನಾನು ಓಢಣಿಯನ್ನು ಇನ್ನಷ್ಟು ಬಿಗಿದುಕೊಂಡೆ.

"ತೆಗೀರಿ ಅದನ್ನ. ನಾನು ಸುಣ್ಣದ ಗುಂಡಿ ನೋಡಿದಾಕಿ, ನಿಮ್ಮ ಮಾರಿಗೆ ಅಂಜಂಗಿಲ್ಲ."

ತೆಗೆದೆ. ಒಂದು ಬೆರಳಿನಿಂದ ನನ್ನ ಗದ್ದ ಎತ್ತಿ, ಕಿಟಕಿಯ ಬೆಳಕಿಗೆ ತಿರುಗಿಸಿ, ಪರೀಕ್ಷಾನಳಿಕೆ ನೋಡುವ ಹಾಗೆ ನೋಡಿದರು. "ಶನಿವಾರ ಅರ್ಧ ದಿನ ಸಾಲಿ. ಚರ್ಮದ ಡಾಕ್ಟರ್ ಕಡೆ ಹೋಗೋಣ" ಎಂದರು. ಆಯಿತೇ ಎಂದು ಕೇಳಲಿಲ್ಲ.

ಶನಿವಾರ ನಾವಿಬ್ಬರೇ ಹೋಗಬೇಕಿತ್ತು. ಅತ್ತೆಯವರು "ನನ್ನ ಹಿಮ್ಮಡಿ ಒಡದದ, ನಾನೂ ತೋರಸ್ತೀನಿ" ಎಂದು ಹೊರಟರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಹಚ್ಚಿದ್ದನ್ನೆಲ್ಲ ಒಂದೊಂದಾಗಿ ಹೇಳಿಸಿದರು. ದೇವದುರ್ಗದ ಟ್ಯೂಬು ನೋಡಿದ ಕೂಡಲೇ ಅವರ ಮುಖ ಗಂಭೀರವಾಯಿತು. ಇದರಲ್ಲಿ ಸ್ಟೆರಾಯ್ಡ್ ಇದೆ, ಇವತ್ತಿನಿಂದ ಬಂದ್, ಬಿಟ್ಟ ಮೇಲೆ ಮುಖ ಕೆಲವು ದಿನ ಸಿಟ್ಟು ಮಾಡುತ್ತದೆ ಎಂದರು. ಅಡಾಪಲೀನ್ ಎಂಬ ಜೆಲ್ ಬರೆಯುತ್ತಾ, ತಲೆ ಎತ್ತದೆ ಕೇಳಿದರು: "ಮಕ್ಕಳ ಪ್ಲಾನ್ ಏನಾದ್ರೂ ಅದ ಏನ್ರೀ?"

ಅತ್ತೆಯವರು ಹಿಮ್ಮಡಿ ಮರೆತು, ಎಷ್ಟೋ ವರ್ಷಗಳ ಮೇಲೆ ನನ್ನತ್ತ ಆಸೆಯಿಂದ ನೋಡಿದರು.

"ಇಲ್ರೀ! ಇಲ್ಲ!" ಎಂದೆ. ಬಸಿರಿದ್ದರೆ ಈ ಔಷಧ ಹಚ್ಚಬಾರದು, ಅದಕ್ಕೇ ಕೇಳಿದೆ ಎಂದು ಡಾಕ್ಟರು ವಿವರಿಸಿದರು. ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಿಟಕಿ ನೋಡುತ್ತಿದ್ದರು. ಹೆಗಲು ಮಾತ್ರ ಕುಣಿಯುತ್ತಿತ್ತು.

ಮಲಗುವ ಮುಂಚೆ, ಒಣಗಿದ ಮುಖಕ್ಕೆ, ಬಟಾಣಿ ಕಾಳಿನಷ್ಟು. ಮೊಡವೆಗಷ್ಟೇ ಅಲ್ಲ, ಮುಖಕ್ಕೆಲ್ಲ ತೆಳ್ಳಗೆ. ಮೊದಲು ದಿನ ಬಿಟ್ಟು ದಿನ. ಮೇಲೆ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್. ಶುರುವಿಗೆ ಜಾಸ್ತಿಯಾಗಬಹುದು, ಸಿಪ್ಪೆ ಏಳಬಹುದು, ಮೂರು ತಿಂಗಳಾದರೂ ತಾಳ್ಮೆ ಬೇಕು. ಇಷ್ಟೇ ಅವರು ಹೇಳಿದ್ದು. ನಾನು ಕೇಳಿಸಿಕೊಂಡದ್ದು "ಜಾಸ್ತಿಯಾಗಬಹುದು" ಎಂಬುದೊಂದನ್ನೇ.

ಅಂದು ಮನೆಯಲ್ಲಿ ಮರುದಿನದ ಪಲ್ಯಕ್ಕೆ ಅತ್ತೆಯವರು ಬಟಾಣಿ ನೆನೆಹಾಕಿದ್ದರು. ಅಳತೆ ತಪ್ಪಬಾರದಲ್ಲ? ಪಾತ್ರೆಯಿಂದ ಒಂದನ್ನು ತೆಗೆದು ಟ್ಯೂಬಿನ ಪಕ್ಕ ಇಟ್ಟುಕೊಂಡು, ಅದಕ್ಕೆ ಸರಿಯಾಗಿ ಜೆಲ್ ಹಿಂಡಿದೆ. ದಿನ ಬಿಟ್ಟು ದಿನ ಹಚ್ಚಿದರೆ ನಡುವಿನ ದಿನ ಮೊಡವೆಗಳು ಚೇತರಿಸಿಕೊಂಡರೆ ಎಂಬ ಚಿಂತೆಯಾಗಿ ದಿನಾಲೂ ಹಚ್ಚಿದೆ.

ಮುಂದಿನ ವಾರದೊಳಗೆ ನನ್ನ ಮುಖ ಹೆಂಚಿನ ಮೇಲೆ ಮರೆತ ಜೋಳದ ರೊಟ್ಟಿಯಾಯಿತು. ನಕ್ಕರೆ ಬಾಯಿಯ ಅಂಚು ಬಿರಿಯುತ್ತಿತ್ತು. ಬಸ್ಸಿನಲ್ಲಿ ಓಢಣಿ ಸರಿಸಿ ತೋರಿಸಿದೆ.

"ಎಷ್ಟು ಹಚ್ಚಾಕತ್ತೀರಿ?"

"ಬಟಾಣಿ ಕಾಳಿನಷ್ಟು."

"ಖರೇ ಹೇಳ್ರಿ."

"ಖರೇನ ರೀ. ಪಕ್ಕದಾಗ ಬಟಾಣಿ ಇಟಗೊಂಡ ಹಚ್ಚೀನಿ."

ಮೇಡಂ ನನ್ನನ್ನೇ ನೋಡಿದರು. "ಯಾವ ಬಟಾಣಿ?"

"ನೆನಸಿದ್ದು."

ಅವರು ನಕ್ಕ ನಗೆಗೆ ಮುಂದೆ ನಿಂತಿದ್ದ ಕಂಡಕ್ಟರು ತಿರುಗಿ, "ಏನಾತ್ರೀ ಮೇಡಂ, ಯಾರರ ಇಳೀಬೇಕಿತ್ತೇನು?" ಎಂದ.

"ಏನಿಲ್ಲಪ್ಪ, ಬಿಡು ಗಾಡಿ. ಇವರಿಗೆ ಡಾಕ್ಟರ್ ಮಾರಿಗೆ ಔಷಧ ಕೊಟ್ಟಾರ, ಇವರು ಪಲ್ಯ ಮಾಡ್ಯಾರ."

ಅವತ್ತು ಮಧ್ಯಾಹ್ನ, ಬೀಜ ಮೊಳೆಯುವ ಪ್ರಯೋಗಕ್ಕೆಂದು ಇಟ್ಟಿದ್ದ ಡಬ್ಬಿಯಿಂದ ಒಂದು ಒಣ ಬಟಾಣಿ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಇದು ನಿಮ್ಮ ಅಳತಿ. ನೆನಸಬ್ಯಾಡ್ರಿ, ಬಿತ್ತಬ್ಯಾಡ್ರಿ. ದಿನಾ ಬ್ಯಾಡ, ಡಾಕ್ಟರ್ ಹೇಳಿದಂಗ ದಿನ ಬಿಟ್ಟು ದಿನ. ಮತ್ತ ಇವತ್ತಿನಿಂದ ಕನ್ನಡಿ ಬಂದ್. ನೋಡೋದು ನಾನು." ಆ ಬಟಾಣಿಯನ್ನು ನಾನು ಕುಂಕುಮದ ಭರಣಿಯ ಪಕ್ಕ ಇಟ್ಟೆ. ಅತ್ತೆಯವರು ಯಾವುದೋ ಕ್ಷೇತ್ರದ ಪ್ರಸಾದವೆಂದು ತಿಳಿದು ದಿನವೂ ಒಂದು ಅಕ್ಷತೆ ಹಾಕುತ್ತಿದ್ದರು. ನಾನು ತಿದ್ದಲಿಲ್ಲ. ಯಾವ ಕಡೆಯಿಂದ ಸಹಾಯ ಬಂದರೂ ಬರಲಿ ಎಂಬ ಸ್ಥಿತಿ ನನ್ನದು.

ಅಲ್ಲಿಂದ ದಿನಾ ಬಸ್ಸಿನಲ್ಲಿ ತಪಾಸಣೆ. ಗದ್ದದಡಿ ಒಂದು ಬೆರಳು, ಬೆಳಕಿಗೊಂದು ತಿರುವು, "ಹ್ಞೂಂ". ನನ್ನ ಕೈ ತಾನಾಗಿ ಗದ್ದಕ್ಕೆ ಹೋಗುತ್ತಿತ್ತು: ಮುಚ್ಚಲು, ಸವರಲು, ಹೊಸದು ಬಂತೇ ಎಂದು ಹುಡುಕಲು. "ಕೈ ಕೆಳಗ!" ಎನ್ನುತ್ತಿದ್ದರು. ಬಸ್ಸಿನಲ್ಲಿ ಅದೇ ಶಾಲೆಯ ಹಳೆಯ ವಿದ್ಯಾರ್ಥಿ ಯಾರಾದರೂ ಇದ್ದರೆ, ಮೇಲಿನ ಕಂಬಿ ಹಿಡಿದ ಕೈಯನ್ನೂ ಇಳಿಸಿಬಿಡುತ್ತಿದ್ದ.

ಆದರೆ ಡಾಕ್ಟರು ಹೇಳಿದ ಜಾಸ್ತಿ ಬಂದೇ ಬಂತು. ಸಂಕ್ರಾಂತಿಯ ಹೊತ್ತಿಗೆ ಗದ್ದದಲ್ಲಿದ್ದದ್ದು ಹಣೆಗೂ ಏರಿತು. ದೇವದುರ್ಗದಲ್ಲಿ ಒಂದು ಗೃಹಪ್ರವೇಶ, ಅಲ್ಲಿ ಹಿರಿಯರೊಬ್ಬರು ಓಢಣಿ ಎತ್ತಿ ನೋಡಿ, "ಯವ್ವಾ, ಇದೇನ ಸಿಡುಬ?" ಎಂದರು. ಚಿಕ್ಕಮ್ಮನ ಮಗಳು ಮತ್ತೆ ಅದೇ ಟ್ಯೂಬು ಕೈಗೆ ತುರುಕಿದಳು. ಮರುದಿನ ಬಸ್ಸು ಹತ್ತುವಾಗ ಅದು ನನ್ನ ಬ್ಯಾಗಿನಲ್ಲಿತ್ತು.

"ತೋರಸ್ರಿ" ಎಂದರು ಮೇಡಂ.

"ಬ್ಯಾಡ್ರಿ. ಸಾಕಾತು. ನಾಲ್ಕು ದಿನದಾಗ ಹೋಗೋದಕ್ಕ ಔಷಧ ಇರುವಾಗ ನಾನ್ಯಾಕ ತಿಂಗಳಗಟ್ಟಲೆ ಸುಲಕೋಬೇಕು? ಈ ಜೆಲ್ ನನಗ ಆಗಂಗಿಲ್ಲ, ಮುಗೀತು."

"ನಿರ್ಣಯ ಬರದಬಿಟ್ರಿ?"

ನನಗೆ ಸಿಟ್ಟು ಬಂತು. "ಮಂದಿ ಮಾರಿ ನೋಡಿ ಹಿಂದ ಸರಿಯೋದು ಏನಂತ ನಿಮಗೇನ ಗೊತ್ತು ರೀ?" ಎಂದುಬಿಟ್ಟೆ. ಅಂದ ಮೇಲೆ, ಯಾರಿಗೆ ಅಂದೆ ಎಂಬುದು ತಿಳಿಯಿತು. ಬಲಗಲ್ಲ ನನ್ನ ಕಡೆಯೇ ಇತ್ತು.

ಮೇಡಂ ಸಿಟ್ಟಾಗಲಿಲ್ಲ. ಶೇಂಗಾದ ಪೊಟ್ಟಣ ಬಿಚ್ಚಿ, ನನ್ನ ಮುಂದೆ ಹಿಡಿದರು. "ನಂದು ನೋಯಂಗಿಲ್ರೀ. ಯಾವಾಗೋ ಆರಿ ಹೋಗ್ಯದ. ಈಗದು ನಮ್ಮವ್ವನ ನೆನಪು, ಒಂದು ಪಾಠ, ಅಷ್ಟ. ನಿಮ್ದು ಇನ್ನೂ ನೋಯಾಕತ್ಯದ. ನೋಯೋದಕ್ಕ ಔಷಧ ಮಾಡಬೇಕು, ಮುಚ್ಚಬಾರದು." ಸ್ವಲ್ಪ ಹೊತ್ತು ಶೇಂಗಾ ತಿಂದರು. ಆಮೇಲೆ, "ಮಾರ್ಚ್ ಕೊನಿಗೆ ನನ್ನ ಬೀಳ್ಕೊಡುಗಿ. ಮೈಕ್ ನೀವ ಹಿಡೀಬೇಕು, ಬಿಚ್ಚಿದ ಮಾರೀಲೆ. ಆ ಡ್ರಿಲ್ ಸರ್ ಹಿಡಿದ್ರ, ನನಗ ಸಾವಧಾನ್ ಅಂದು ಕಳಸ್ತಾನ. ಹಂಗಾದ್ರ ನಾನು ನಿವೃತ್ತಿ ಆಗಂಗಿಲ್ಲ, ನೋಡ್ರಿ ಮತ್ತ. ಸರ್ಕಾರಕ್ಕ ನೀವ ಉತ್ತರ ಹೇಳ್ರಿ."

"ಅಷ್ಟರಾಗ ಹೋಗದಿದ್ರ?"

"ಹೋಗದಿದ್ರ ಮೊಡವಿ ಇಟಗೊಂಡ ಹಿಡೀರಿ. ಟ್ಯೂಬ್ ಎಲ್ಲಿ ಅದ?"

ಬ್ಯಾಗಿನಲ್ಲಿದೆ ಎಂದು ಹೇಗೆ ತಿಳಿಯಿತೋ! ಕೊಟ್ಟೆ. ಅದನ್ನು ಅವರು ಪ್ರಯೋಗಾಲಯದಲ್ಲಿ, ಸಲ್ಫ್ಯೂರಿಕ್ ಆಮ್ಲದ ಬಾಟಲಿಯ ಪಕ್ಕ, "ಮುಟ್ಟಬಾರದು" ಎಂಬ ಚೀಟಿಯ ಹಿಂದೆ ಇಟ್ಟು ಬೀಗ ಹಾಕಿದರು.

ಗಣರಾಜ್ಯೋತ್ಸವಕ್ಕೂ ಡ್ರಿಲ್ ಸರ್ ಅವರೇ ಮೈಕು ಹಿಡಿದರು. ನಾನು ಹಿಂದಿನ ಸಾಲಿನಲ್ಲಿ ಓಢಣಿಯೊಳಗೆ ಕೂತು ಕೇಳಿದೆ. ಮನೆಯಲ್ಲಿ ಒಣ ಬಟಾಣಿಯ ಅಳತೆ ತಪ್ಪಲಿಲ್ಲ. ನಂಬಿಕೆಯಿಂದಲ್ಲ, ಬೆಳಿಗ್ಗೆ ಆ ಬೆರಳಿಗೆ ಏನು ಉತ್ತರ ಹೇಳಲಿ ಎಂಬ ಭಯದಿಂದ.

ಫೆಬ್ರುವರಿಯ ಕೊನೆಗೆ ಒಂದು ದಿನ ಬಸ್ಸು ಹತ್ತಿ, ಓಢಣಿ ಸರಿಸಿ, ಎಂದಿನಂತೆ ಗದ್ದ ಎತ್ತಿ ಕೂತೆ. ಮೇಡಂ ಕಿಟಕಿಯಾಚೆ ಮೆಣಸಿನಕಾಯಿ ಒಣಹಾಕಿದ್ದನ್ನು ನೋಡುತ್ತಿದ್ದರು. ನಾನು ಕೆಮ್ಮಿದೆ. ಅವರು ಶೇಂಗಾ ಕೊಟ್ಟರು.

"ಇವತ್ತು ನೋಡಂಗಿಲ್ಲೇನ್ರಿ?"

"ನೋಡೋದಕ್ಕ ಏನರ ಇರಬೇಕಲ್ಲ?"

ಸಂಜೆ ನಾನು ಮನೆಗೆ ಹೋಗಿ ಕನ್ನಡಿಯ ಮೇಲೆ ಹೊದಿಸಿದ್ದ ಟವೆಲ್ ತೆಗೆದೆ. ನನಗೆ ಗೊತ್ತಿದ್ದ ಮುಖ, ಸ್ವಲ್ಪ ವಯಸ್ಸಾಗಿ, ಅಲ್ಲಲ್ಲಿ ಕಂದು ಚುಕ್ಕೆ ಉಳಿಸಿಕೊಂಡು, ವಾಪಸು ಬಂದಿತ್ತು. ಗದ್ದ ನುಣ್ಣಗಿತ್ತು. ಒತ್ತಿದೆ, ನೋಯಲಿಲ್ಲ. ಮಗಳು ಬಂದು ನೋಡಿ, "ಮಮ್ಮಿ, ಈಗ ನಂದು ನನಗ ಕೊಡಬ್ಯಾಡ ಮತ್ತ" ಎಂದಳು.

ಬೀಳ್ಕೊಡುಗೆಯ ದಿನ, ಕರೆಂಟು ಇತ್ತು. ಹಾರ ತಾಜಾ ಇತ್ತು. ನಾನು ಓಢಣಿಯನ್ನು, ಅಷ್ಟು ತಿಂಗಳಲ್ಲಿ ಮೊದಲ ಸಲ, ಮನೆಯಲ್ಲೇ ಬಿಟ್ಟು ಬಂದು ವೇದಿಕೆ ಹತ್ತಿದೆ. ಎಂಟನೆಯ ತರಗತಿಯ ಹುಡುಗಿಯರು ಮುಂದಿನ ಸಾಲಿನಲ್ಲಿದ್ದರು; ಆ ವರ್ಷ ಸೇರಿದವರು, ನನ್ನ ಪೂರ್ತಿ ಮುಖವನ್ನು ಸರಿಯಾಗಿ ಕಂಡವರಲ್ಲ. ಒಬ್ಬಳು ಪಿಸುಗುಟ್ಟಿದ್ದು ವೇದಿಕೆಗೇ ಕೇಳಿಸಿತು: "ಈ ಹೊಸ ಮೇಡಂ ಯಾರಬೇ?"

ನಾನು ಮೈಕಿಗೆ ಬಾಯಿಟ್ಟು, "ಎಲ್ಲರಿಗೂ ಶರಣು" ಎಂದೆ.

"ಅಯ್ಯ, ಕನ್ನಡ ಮೇಡಂ!" ಎಂದು ಅದೇ ಹುಡುಗಿ ಚೀರಿದಳು. "ಚಂದ ಅದಾರಲ್ಲಬೇ!" ಇಡೀ ಶಾಲೆ ಚಪ್ಪಾಳೆ ಹೊಡೆಯಿತು. ಯಾವುದಕ್ಕೆಂದು ಅರ್ಧದಷ್ಟು ಮಕ್ಕಳಿಗೆ ತಿಳಿದಿರಲಿಲ್ಲ. ಚಪ್ಪಾಳೆಗೆ ಅದು ಬೇಕಾಗುವುದೂ ಇಲ್ಲ. ನಡುವಿನ ಕುರ್ಚಿಯಲ್ಲಿ, ಕೊರಳ ತುಂಬ ಹಾರ ಹಾಕಿಕೊಂಡ ವಿಜ್ಞಾನದ ಮೇಡಂ, ಕೊಡೆಯನ್ನು ನೆಲಕ್ಕೆ ಕುಟ್ಟಿ ತಾಳ ಹಾಕುತ್ತಿದ್ದರು. ಆ ಮಧ್ಯಾಹ್ನ ನಾನು ಮಾಡಿದಂಥ ನಿರೂಪಣೆ ಹಿಂದೆಂದೂ ಮಾಡಿಲ್ಲ. ಮುಖ್ಯೋಪಾಧ್ಯಾಯರು ಹೊಸ ಭಾಷಣವನ್ನೇ ಓದಿದರು. ಮುಖ್ಯ ಅತಿಥಿಗಳು ಬಿಕ್ಕಳಿಸದೆ ಮಿರ್ಚಿ ತಿಂದರು. ನನಗೆ ಅಳು ಬಂತು, ಆದರೆ ಸನ್‌ಸ್ಕ್ರೀನ್ ಕದಲಲಿಲ್ಲ.

ಕೊನೆಗೆ ಗ್ರೂಪ್ ಫೋಟೋ. ಮೇಡಂ ನಡುವೆ, ಪಕ್ಕದಲ್ಲಿ ನಾನು. ಫೋಟೋಗ್ರಾಫರ್ ಎರಡು ಸಲ ಕ್ಲಿಕ್ಕಿಸಿದ. ಎರಡು ದಿನದಲ್ಲಿ ಶಾಲೆಯ ವಾಟ್ಸಾಪಿಗೆ ಒಂದನ್ನು ಕಳಿಸಿದ. ನಮ್ಮ ಕಡೆಯ ಸ್ಟುಡಿಯೋಗಳ ಉದಾರತೆ ಗೊತ್ತಲ್ಲ: ಎಲ್ಲರ ಮುಖಕ್ಕೂ ಬಿಳಿ ಬಳಿದು, ತೇಯ್ದು, ಅಮೃತಶಿಲೆ ಮಾಡಿದ್ದ. ನಾನು ನಾಲ್ಕೂವರೆ ತಿಂಗಳು ಸುಲಿಸಿಕೊಂಡು ಪಡೆದದ್ದನ್ನು ಜವಾನನಿಂದ ಹಿಡಿದು ಮುಖ್ಯ ಅತಿಥಿಗಳವರೆಗೆ ಎಲ್ಲರಿಗೂ ಪುಕ್ಕಟೆ ಹಂಚಿದ್ದ. ಮೇಡಂ ಮುಖ ಅಕ್ಕಿ ಹಿಟ್ಟಿನಂತಿತ್ತು. ಬಲಗಲ್ಲ ಖಾಲಿ.

ಅವರು ನನ್ನನ್ನೂ ಎಳೆದುಕೊಂಡು ಸ್ಟುಡಿಯೋಗೆ ಹೋದರು. "ತಮ್ಮಾ, ಇದರಾಗ ನಿವೃತ್ತಿ ಆದಾಕಿ ಯಾರು?"

"ನೀವ ಅಲ್ರೀ ಮೇಡಂ. ಸ್ವಲ್ಪ ಕ್ಲೀನ್ ಮಾಡೀನಿ ರೀ. ಎಲ್ಲಾರೂ ಹಂಗ ಕೇಳ್ತಾರ."

"ನನ್ನ ಗಲ್ಲದ ಕಲಿ ಎಲ್ಲಿ ಇಟ್ಟಿ? ಅದು ಸಾಲಿ ಪಾಠೋಪಕರಣ. ಗ್ವಾಡಿಗೆ ಈ ಫೋಟೋ ಹಾಕಿದ್ರ ನಮ್ಮ ಹುಡುಗರು ಬಹಿರುಷ್ಣಕ ಕ್ರಿಯೆ ಹೆಂಗ ಕಲೀಬೇಕು? ತೆಗದಂಗ ಕೊಡು. ಇನ್ನೊಂದು ಹೊಡದಿದ್ದಿ, ಅದನ್ನೂ ತೋರಸು."

"ಅದು ಬ್ಯಾಡ್ರಿ, ಅದರಾಗ ನೀವ ಸರಿ ಕುಂತಿಲ್ಲ."

ಕಂಪ್ಯೂಟರಿನಲ್ಲಿ ಅದು ತೆರೆಯಿತು. ಮೇಡಂ ಬಗ್ಗಿ ನೋಡಿದರು. ಮೊದಲು ಹೆಗಲು ಕುಣಿಯಿತು, ಆಮೇಲೆ ಬಸ್ಸು ನಿಲ್ಲಿಸುವಂಥ ಆ ನಗೆ. "ಇದ ಬೇಕು. ದೊಡ್ಡದು ಮಾಡಿ ಚೌಕಟ್ಟು ಹಾಕು. ಇದರಾಗ ನಾನು ಡ್ಯೂಟಿ ಮ್ಯಾಲೆ ಅದೀನಿ."

ಈಗ ಬಸ್ಸಿನ ಕಿಟಕಿ ನನ್ನದಾಗಿದೆ. ಜೆಲ್ ಇನ್ನೂ ಹಚ್ಚುತ್ತೇನೆ, ಒಣ ಬಟಾಣಿಯಷ್ಟು. ಹುಣ್ಣಿಮೆಗೊಂದು ಅಮಾವಾಸ್ಯೆಗೊಂದು ಮೊಡವೆ ಬಂದರೆ ಬಂತು, ಹೋಗುತ್ತದೆ. ಮೈಕು ನನ್ನ ಹತ್ತಿರವೇ ಇದೆ.

ಫೋಟೋ ಸ್ಟಾಫ್‌ರೂಮಿನ ಗೋಡೆಯ ಮೇಲಿದೆ, ಬಿಳಿ ಬಳಿಯದೆ, ತೇಯದೆ. ಎಲ್ಲರ ಬಣ್ಣವೂ ಅವರವರದೇ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ನಡುವಿನ ಕುರ್ಚಿಯ ಒಬ್ಬರು ಮಾತ್ರ, ಹಾರ ಓರೆಯಾಗುವಷ್ಟು ಪಕ್ಕಕ್ಕೆ ತಿರುಗಿ, ಬಲಗಲ್ಲದ ಕಲೆ ಬೆಳಕಿಗೆ ಬಿದ್ದು, ಬಾಯಿ ತೆರೆದು ಏನನ್ನೋ ಗದರುತ್ತಿದ್ದಾರೆ. ಏನೆಂದು ನಮ್ಮ ಶಾಲೆಯ ಯಾವ ಮಗುವಾದರೂ ಹೇಳೀತು. ಅವರ ಪಕ್ಕದಲ್ಲಿ ನಾನು, ನುಣುಪಾದ ಹಣೆ, ನುಣುಪಾದ ಕೆನ್ನೆ, ಹೆದರಿಕೆಯಿಲ್ಲದ ಕಣ್ಣು. ಗದ್ದವೊಂದು ಮಾತ್ರ ಕಾಣುವುದಿಲ್ಲ. ಅದರ ಮೇಲೆ ನನ್ನ ಕೈ ಇದೆ.